ಕಾರಣ ಸಿಗದ ಅರ್ಥ್ ಫಾಲ್ಟ್ ಟ್ರಿಪ್: ರಿಲೇ ಸೆಟ್ಟಿಂಗ್ ಏರಿಸಬೇಕೇ, ವೈರಿಂಗ್ ನೋಡಬೇಕೇ?

ಪ್ರಶ್ನೆ: ನಿರ್ವಹಣಾ ಇಂಜಿನಿಯರ್, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣೆಯನ್ನು ನೋಡಿಕೊಳ್ಳುತ್ತಿದ್ದೇನೆ. ನಮಗೆ 11 ಕೆವಿ ಪೂರೈಕೆ ಇದ್ದು, 1000 ಕೆವಿಎ ಸಾಮರ್ಥ್ಯದ ಡೆಲ್ಟಾ–ಸ್ಟಾರ್ ಟ್ರಾನ್ಸ್‌ಫಾರ್ಮರ್ ಅದನ್ನು 433 ವೋಲ್ಟ್‌ಗೆ ಇಳಿಸಿಕೊಡುತ್ತದೆ. ಎಲ್‌ಟಿ (ಕಡಿಮೆ ವೋಲ್ಟೇಜ್) ಪ್ಯಾನೆಲ್‌ನ ಇನ್‌ಕಮರ್, ಅಂದರೆ ಪೂರೈಕೆ ಒಳಬರುವ ಮುಖ್ಯ ಬ್ರೇಕರ್, 1600 ಆಂಪಿಯರ್‌ನ ಮೂರು ಪೋಲಿನ ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್; ಮೂರು ಫೇಸ್‌ಗಳನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲನ್ನಲ್ಲ). ಅದರ ಎಲೆಕ್ಟ್ರಾನಿಕ್ ರಿಲೀಸ್‌ನಲ್ಲಿ (ಕರೆಂಟ್ ಅಳೆದು ಬ್ರೇಕರನ್ನು ತೆರೆಸುವ, ಅದರೊಳಗೇ ಇರುವ ರಿಲೇ) ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್ ರಕ್ಷಣೆಯ ಜೊತೆಗೆ ಅರ್ಥ್ ಫಾಲ್ಟ್ ರಕ್ಷಣೆಯೂ (ಕರೆಂಟ್ ಭೂಮಿಗೆ ಸೋರಿದರೆ ಪೂರೈಕೆ ಕಡಿಯುವುದು) ಇದೆ. ನ್ಯೂಟ್ರಲ್ ಬಸ್‌ಬಾರ್ ಮೇಲೆ ಪ್ರತ್ಯೇಕವಾಗಿ ಒಂದು ಸಿಟಿ (ಕರೆಂಟ್ ಅಳೆಯಲು ಬಳಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರಿಸಿ ಅದರ ತಂತಿಗಳನ್ನು ರಿಲೀಸ್‌ಗೆ ಎಳೆಯಲಾಗಿದೆ. ಅರ್ಥ್ ಫಾಲ್ಟ್ ಸೆಟ್ಟಿಂಗ್ 0.2, ಅಂದರೆ 320 ಆಂಪಿಯರ್, ಸಮಯ 0.1 ಸೆಕೆಂಡ್. ಇದೇ ಪ್ಯಾನೆಲ್‌ಗೆ 500 ಕೆವಿಎ ಡಿಜಿ (ಡೀಸೆಲ್ ಜನರೇಟರ್) ಸೆಟ್ ಕೂಡ ಜೋಡಣೆಯಾಗಿದೆ.

ಎರಡು ತಿಂಗಳ ಹಿಂದೆ ಪ್ಯಾನೆಲ್‌ನ ವಾರ್ಷಿಕ ನಿರ್ವಹಣೆ ನಡೆಯಿತು. ಅಲ್ಲಿಂದೀಚೆಗೆ ಐದು ಬಾರಿ ಮುಖ್ಯ ಎಸಿಬಿ ಅರ್ಥ್ ಫಾಲ್ಟ್ ಸೂಚನೆಯೊಂದಿಗೆ ಟ್ರಿಪ್ ಆಗಿ ಇಡೀ ಕಾರ್ಖಾನೆ ಕತ್ತಲಾಗಿದೆ. ಐದೂ ಬಾರಿ ಸಂಜೆ ಆರೂವರೆಯಿಂದ ಏಳೂವರೆಯ ನಡುವೆಯೇ ಹೀಗಾಗಿದೆ. ಎರಡನೆಯ ಪಾಳಿಗೆ ದೊಡ್ಡ ಕಂಪ್ರೆಸರ್ ಚಾಲೂ ಆಗುವುದು ಸುಮಾರು ಅದೇ ಹೊತ್ತಿಗೆ ಆದ್ದರಿಂದ ಮೊದಲು ಅದರ ಮೋಟಾರನ್ನೇ ಅನುಮಾನಿಸಿದೆವು. ಪ್ಯಾನೆಲ್‌ನಿಂದ ಹೊರಡುವ ಎಲ್ಲ ಫೀಡರ್‌ಗಳಿಗೂ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಉಪಕರಣ) ಹಾಕಿ ನೋಡಿದ್ದಾಯಿತು. ಎಲ್ಲಿಯೂ 20 ಮೆಗಾಓಮ್‌ಗಿಂತ ಕಡಿಮೆ ಇಲ್ಲ.

ಹೊರಗಿನಿಂದ ಬಂದ ತಂತ್ರಜ್ಞರೊಬ್ಬರು ಸೆಟ್ಟಿಂಗನ್ನು 1.0ಕ್ಕೆ ಏರಿಸಿ, ಇಲ್ಲವೇ ಅರ್ಥ್ ಫಾಲ್ಟ್ ರಕ್ಷಣೆಯನ್ನೇ ಆಫ್ ಮಾಡಿ ಎಂದು ಸಲಹೆ ಕೊಟ್ಟರು. ಅಮೆರಿಕದ ಕೈಪಿಡಿಯೊಂದರಲ್ಲಿ 1200 ಆಂಪಿಯರ್‌ವರೆಗೆ ಇಡಬಹುದೆಂದು ಬರೆದಿರುವುದನ್ನೂ ತೋರಿಸಿದರು. ಉತ್ಪಾದನೆ ನಿಲ್ಲುವುದನ್ನು ಸಹಿಸದ ನಮ್ಮ ಮೇಲಧಿಕಾರಿಗಳು ಒಪ್ಪಿಯೂ ಬಿಟ್ಟಿದ್ದಾರೆ. ಆದರೆ ಕಾರಣ ತಿಳಿಯದೆ ಆ ನಾಬ್ ತಿರುಗಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಈ ಸೆಟ್ಟಿಂಗನ್ನು ನಿಜವಾಗಿ ಯಾವ ಆಧಾರದ ಮೇಲೆ ನಿರ್ಧರಿಸಬೇಕು? ಸ್ಟ್ಯಾಂಡ್‌ಬೈ ಅರ್ಥ್ ಫಾಲ್ಟ್, ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್, ಇಎಲ್‌ಆರ್ (ಅರ್ಥ್ ಲೀಕೇಜ್ ರಿಲೇ) ಎಂದು ಬೇರೆ ಬೇರೆ ಹೆಸರುಗಳನ್ನು ಕೇಳುತ್ತೇನೆ. ನಮ್ಮಂಥ ವ್ಯವಸ್ಥೆಗೆ ಇವುಗಳಲ್ಲಿ ಯಾವುದು ಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ರಿಲೇ ಪರೀಕ್ಷಣಾ ಇಂಜಿನಿಯರ್, ಬೆಂಗಳೂರು

ನಮಸ್ಕಾರ ಸರ್. ನಾಬ್ ಮುಟ್ಟದೆ ಕಾದದ್ದು ಬಹಳ ಒಳ್ಳೆಯದಾಯಿತು. ಸೆಟ್ಟಿಂಗ್ ಎಷ್ಟಿರಬೇಕು ಎಂದು ಕೇಳುವ ಮೊದಲು, ರಿಲೇ ಈಗ ಯಾವ ಕರೆಂಟನ್ನು ಅಳೆಯುತ್ತಿದೆ ಎಂಬುದು ಗೊತ್ತಾಗಬೇಕು. ನಾನು ನೋಡಿರುವ, ಕಾರಣವಿಲ್ಲದೆ ಆಯಿತೆಂದು ಹೇಳಲಾದ ಟ್ರಿಪ್‌ಗಳಲ್ಲಿ ಬಹುಪಾಲು ಸಿಟಿ ಅಥವಾ ನ್ಯೂಟ್ರಲ್ ವೈರಿಂಗ್‌ಗೆ ಸಂಬಂಧಿಸಿದವು. ಅವುಗಳಲ್ಲಿ ರಿಲೇ ತನಗೆ ತೋರಿಸಿದ್ದನ್ನು ಸರಿಯಾಗಿಯೇ ಅಳೆದಿತ್ತು.

ನಿಮ್ಮ ಎಸಿಬಿಯ ಅರ್ಥ್ ಫಾಲ್ಟ್ ಅಂಶ ಭೂಮಿಗೆ ಹರಿಯುವ ಕರೆಂಟನ್ನು ನೇರವಾಗಿ ನೋಡುವುದಿಲ್ಲ. ಮೂರು ಫೇಸ್‌ಗಳ ಮತ್ತು ನ್ಯೂಟ್ರಲ್‌ನ ಒಟ್ಟು ನಾಲ್ಕು ಸಿಟಿಗಳ ಕರೆಂಟನ್ನು ದಿಕ್ಕಿನ ಸಮೇತ ಕೂಡಿಸಿ, ಅದರಲ್ಲಿ ಉಳಿಯುವುದನ್ನು ಅರ್ಥ್ ಫಾಲ್ಟ್ ಎಂದು ಪರಿಗಣಿಸುತ್ತದೆ. ಮೂರು ಫೇಸ್‌ಗಳಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೆ ತಾಳೆಯಾದರೆ ಉಳಿಕೆ ಸೊನ್ನೆ. ತಾಳೆಯಾಗದೆ ಉಳಿದದ್ದು ಅರ್ಥಿಂಗ್ ದಾರಿ ಹಿಡಿದ ಕರೆಂಟ್. ಈ ಲೆಕ್ಕ ನಾಲ್ಕೂ ಸಿಟಿಗಳ ಅನುಪಾತ ಒಂದೇ ಆಗಿದ್ದು, ಅವುಗಳ ದಿಕ್ಕು ಸರಿಯಾಗಿದ್ದರೆ ಮಾತ್ರ ನಿಜವಾಗುತ್ತದೆ.

ಇದನ್ನು ಪತ್ತೆಹಚ್ಚಲು ಒಂದೇ ಹೊತ್ತಿನಲ್ಲಿ ತೆಗೆದ ಮೂರು ಅಳತೆಗಳು ಸಾಕು. ಸಂಜೆ ಲೋಡ್ ಇರುವಾಗ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ನ್ಯೂಟ್ರಲ್‌ನ ಕರೆಂಟನ್ನು ಕ್ಲ್ಯಾಂಪ್ ಮೀಟರಿನಲ್ಲಿ ಅಳೆಯಿರಿ. ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್‌ನಿಂದ ಭೂಮಿಗೆ ಇಳಿಯುವ ಎರಡು ಪಟ್ಟಿಗಳ ಕರೆಂಟನ್ನು ಬೇರೆ ಬೇರೆಯಾಗಿ ಅಳೆದು ಕೂಡಿಸಿ. ಒಂದೇ ಪಟ್ಟಿ ನೋಡಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಅದೇ ಹೊತ್ತಿಗೆ ರಿಲೀಸ್‌ನ ಪರದೆಯಲ್ಲಿ ಅರ್ಥ್ ಫಾಲ್ಟ್ ಕರೆಂಟ್ ಎಷ್ಟೆಂದು ಬರೆದುಕೊಳ್ಳಿ. ಪ್ಯಾನೆಲ್‌ನ ಹಿಂಬಾಗಿಲು ತೆರೆಯಬೇಕಾದರೆ ಒಬ್ಬರೇ ಹೋಗಬೇಡಿ. ಮುಖಕವಚ ಮತ್ತು ಕೈಗವಸು ಹಾಕದೆ ಬಸ್‌ಬಾರ್ ಹತ್ತಿರ ಕೈ ಒಯ್ಯಬೇಡಿ.

ಇನ್ನೊಂದು ಮಾತು. ಕಂಪ್ರೆಸರ್ ಮೂರು ಫೇಸಿನ ಯಂತ್ರವಾದ್ದರಿಂದ ಅದಕ್ಕೆ ನ್ಯೂಟ್ರಲ್ ಇರುವುದಿಲ್ಲ. ಸಂಜೆ ಆ ಹೊತ್ತಿಗೆ ಅಂಗಳದ ದೀಪಗಳು, ಕ್ಯಾಂಟೀನ್ ಮುಂತಾದ ಒಂದು ಫೇಸಿನ ಲೋಡ್ ಎಷ್ಟು ಏರುತ್ತದೆ ಎಂಬುದನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆ ಇಬ್ಬರು ಸೇರಿ ನಿನ್ನೆ ಸಂಜೆ ಆರು ಗಂಟೆಗೆ ಅಳೆದೆವು. ನ್ಯೂಟ್ರಲ್‌ನಲ್ಲಿ 150 ಆಂಪಿಯರ್. ಭೂಮಿಗೆ ಹೋಗುವ ಪಟ್ಟಿಗಳಲ್ಲಿ 11 ಮತ್ತು 7, ಒಟ್ಟು 18 ಆಂಪಿಯರ್. ರಿಲೀಸ್‌ನ ಪರದೆಯಲ್ಲಿ ಅರ್ಥ್ ಫಾಲ್ಟ್ ಕರೆಂಟ್ 316 ಆಂಪಿಯರ್ ತೋರಿಸುತ್ತಿತ್ತು! ಟ್ರಿಪ್ ಮಟ್ಟಕ್ಕೆ ನಾಲ್ಕೇ ಆಂಪಿಯರ್ ಬಾಕಿ ಇದ್ದದ್ದನ್ನು ನೋಡಿ ಕೂಡಲೇ ಕ್ಯಾಂಟೀನ್‌ನ ಹೀಟರ್‌ಗಳನ್ನು ಆರಿಸಿದೆವು. ಅಂಗಳದ ದೀಪಗಳು ಹೊತ್ತುವುದು ಆರೂವರೆಯ ನಂತರ ಎಂಬುದೂ ಈಗ ಹೊಳೆಯಿತು. ಭೂಮಿಗೆ ಹೋಗುತ್ತಿರುವುದು 18 ಆಂಪಿಯರ್ ಮಾತ್ರ ಆಗಿರುವಾಗ ರಿಲೇ 316 ಎಂದು ಹೇಗೆ ಹೇಳುತ್ತದೆ?

ಉತ್ತರ: ರಿಲೇ ಪರೀಕ್ಷಣಾ ಇಂಜಿನಿಯರ್, ಬೆಂಗಳೂರು

ನಿಮ್ಮ ಅಂಕಿಗಳಲ್ಲಿಯೇ ಉತ್ತರವಿದೆ. ಮೂರು ಫೇಸ್‌ಗಳ ಮೊತ್ತವಾಗಿ ಹೊರಟ ಅಸಮತೋಲನದ ಕರೆಂಟ್ 150 ಮತ್ತು 18 ಸೇರಿ ಸುಮಾರು 168 ಆಂಪಿಯರ್. ಇದರಲ್ಲಿ 150 ನ್ಯೂಟ್ರಲ್ ಮೂಲಕ ಮರಳುತ್ತಿದೆ, 18 ಭೂಮಿಯ ಮೂಲಕ. ನ್ಯೂಟ್ರಲ್ ಸಿಟಿ ಸರಿಯಾಗಿದ್ದರೆ ರಿಲೇ 168ರಿಂದ 150 ಕಳೆದು 18 ಎಂದು ತೋರಿಸಬೇಕಿತ್ತು. ಆ ಸಿಟಿಯ ತಂತಿಯೇ ಕಳಚಿಹೋಗಿದ್ದರೆ ಕಳೆಯಲು ಏನೂ ಇಲ್ಲದೆ 168 ಎಂದು ತೋರಿಸುತ್ತಿತ್ತು. ಸಿಟಿ ತಿರುಗುಮುರುಗಾಗಿದ್ದರೆ ಕಳೆಯಬೇಕಾದದ್ದನ್ನು ಕೂಡಿಸಿ 318 ಎಂದು ತೋರಿಸುತ್ತದೆ. ನಿಮ್ಮ ಪರದೆಯಲ್ಲಿ ಕಂಡದ್ದು 316. ಹಾಗಾಗಿ ನಿಮ್ಮ ನ್ಯೂಟ್ರಲ್ ಸಿಟಿ ತಿರುಗಿ ಕೂತಿದೆ ಅಥವಾ ಅದರ ಎರಡು ತಂತಿಗಳು ಅದಲುಬದಲಾಗಿವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಾರ್ಷಿಕ ನಿರ್ವಹಣೆಯಲ್ಲಿ ಬಸ್‌ಬಾರಿನ ಬೋಲ್ಟ್‌ಗಳನ್ನು ಬಿಚ್ಚಿದ್ದರೆ ಸಿಟಿಯನ್ನು ಮರಳಿ ಕೂರಿಸುವಾಗ ಹೀಗಾಗಿರಬೇಕು. ಸಂಜೆ ನ್ಯೂಟ್ರಲ್‌ನಲ್ಲಿ ಒಂದು ಆಂಪಿಯರ್ ಹೆಚ್ಚಾದರೆ ರಿಲೇಗೆ ಎರಡು ಆಂಪಿಯರ್ ಹೆಚ್ಚಾದಂತೆ ಕಾಣುತ್ತದೆ. ಅಂಗಳದ ದೀಪ ಹೊತ್ತಿದೊಡನೆ 320 ದಾಟುವುದು ಅದರಿಂದಲೇ.

ಸೆಟ್ಟಿಂಗನ್ನು 1600ಕ್ಕೆ ಏರಿಸಿದ್ದರೆ ಟ್ರಿಪ್ ನಿಲ್ಲುತ್ತಿದ್ದುದು ನಿಜ, ಆದರೆ ರಕ್ಷಣೆಯೂ ಅಲ್ಲಿಗೇ ಮುಗಿಯುತ್ತಿತ್ತು. 415 ವೋಲ್ಟ್ ವ್ಯವಸ್ಥೆಯಲ್ಲಿ ಬಸ್‌ಬಾರ್ ಮತ್ತು ಪ್ಯಾನೆಲ್‌ನ ಲೋಹದ ನಡುವೆ ಆರ್ಕ್ ಹೊತ್ತಿಕೊಂಡರೆ ಅದರ ಕರೆಂಟ್ ಕೆಲವೊಮ್ಮೆ ನೂರಾರು ಆಂಪಿಯರ್‌ಗಳಲ್ಲೇ ಉಳಿಯಬಹುದು. ಓವರ್‌ಲೋಡ್ ಅಂಶಕ್ಕೆ ಅದು ಮಾಮೂಲಿ ಲೋಡ್‌ನಂತೆ ಕಾಣುವುದರಿಂದ, ಎಸಿಬಿ ಸುಮ್ಮನಿರುವಾಗಲೇ ಪ್ಯಾನೆಲ್ ಕರಗಿಹೋಗಬಲ್ಲದು. ಅಮೆರಿಕದ 480 ವೋಲ್ಟ್ ವ್ಯವಸ್ಥೆಗಳಲ್ಲಿ ಇಂಥ ಸುಡುವಿಕೆಗಳು ಮರುಕಳಿಸಿದ್ದರಿಂದಲೇ 1971ರ ಅವರ ರಾಷ್ಟ್ರೀಯ ವಿದ್ಯುತ್ ಸಂಹಿತೆ 1000 ಆಂಪಿಯರ್ ಮತ್ತು ಅದಕ್ಕಿಂತ ದೊಡ್ಡ ಮುಖ್ಯ ಸ್ವಿಚ್‌ಗಳಿಗೆ ಅರ್ಥ್ ಫಾಲ್ಟ್ ರಕ್ಷಣೆಯನ್ನು ಕಡ್ಡಾಯ ಮಾಡಿತು. ನಿಮಗೆ ತೋರಿಸಿದ 1200 ಆಂಪಿಯರ್ ಆ ಸಂಹಿತೆಯ ಮೇಲ್ಮಿತಿ. ಅದನ್ನು ದಾಟಬಾರದು ಎಂದರ್ಥವೇ ಹೊರತು ಅಷ್ಟಕ್ಕೆ ಇಡಿ ಎಂದಲ್ಲ.

ಸರಿಪಡಿಸುವಾಗ ಎಸಿಬಿಯನ್ನು ತೆರೆದು, ಎಚ್‌ಟಿ (11 ಕೆವಿ) ಕಡೆಯನ್ನೂ ಬಂದ್ ಮಾಡಿ, ಡಿಜಿ ತಾನಾಗಿ ಚಾಲೂ ಆಗದಂತೆ ಬೀಗ ಹಾಕಿ, ಬಸ್‌ಬಾರಿನಲ್ಲಿ ವೋಲ್ಟೇಜ್ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಸಿಟಿಗೆ ಕೈ ಹಾಕಿ. ಕರೆಂಟ್ ಹರಿಯುತ್ತಿರುವ ಸಿಟಿಯ ಸೆಕೆಂಡರಿಯನ್ನು ಬಿಚ್ಚಿದರೆ ಅದರ ತುದಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಹುಟ್ಟುತ್ತದೆ. ಸಿಟಿಯ ಮೇಲಿನ ಪಿ1 ಗುರುತು ಫೇಸ್ ಸಿಟಿಗಳ ಪಿ1 ಇರುವ ಕಡೆಗೇ ಇದೆಯೇ, ಅದರ ಸೆಕೆಂಡರಿಯ ತುದಿಗಳಾದ ಎಸ್1 ಮತ್ತು ಎಸ್2 ತಯಾರಕರ ನಕ್ಷೆಯಂತೆ ರಿಲೀಸ್‌ಗೆ ಸೇರಿವೆಯೇ ಎಂಬುದನ್ನು ನೋಡಿ. ಒಂದನ್ನು ಮಾತ್ರ ತಿರುಗಿಸಿ. ಸಿಟಿಯನ್ನೂ ತಿರುಗಿಸಿ ತಂತಿಯನ್ನೂ ಬದಲಿಸಿದರೆ ಮೊದಲಿದ್ದಲ್ಲಿಗೇ ಬರುತ್ತೀರಿ.

ಉಳಿದ 18 ಆಂಪಿಯರ್ ಬಗ್ಗೆ ಆಮೇಲೆ ಮಾತನಾಡೋಣ. ಅದೂ ಇರಬಾರದ ಕರೆಂಟ್.

ಉತ್ತರ: ವಿದ್ಯುತ್ ವಿನ್ಯಾಸ ಸಲಹೆಗಾರ್ತಿ, ಹುಬ್ಬಳ್ಳಿ

ಮೇಲಿನ ಉತ್ತರ ಟ್ರಿಪ್‌ನ ಕಾರಣವನ್ನು ಸ್ಪಷ್ಟಪಡಿಸಿದೆ. ಯಾವ ರಿಲೇ ಎಲ್ಲಿ ಬೇಕು, ಎಷ್ಟಕ್ಕೆ ಇಡಬೇಕು ಎಂಬ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಪೂರ್ಣ ಲೋಡ್ ಎಲ್‌ಟಿ ಕಡೆಯಲ್ಲಿ 1333 ಆಂಪಿಯರ್, ಎಚ್‌ಟಿ ಕಡೆಯಲ್ಲಿ 52.5 ಆಂಪಿಯರ್. ಇಂಪೀಡೆನ್ಸ್ (ಟ್ರಾನ್ಸ್‌ಫಾರ್ಮರ್ ತನ್ನೊಳಗೆ ಕರೆಂಟಿಗೆ ಒಡ್ಡುವ ತಡೆ) ಶೇಕಡಾ 5 ಎಂದು ಹಿಡಿದರೆ ಟರ್ಮಿನಲ್‌ನಲ್ಲೇ ಆಗುವ ನೇರ ಅರ್ಥ್ ಫಾಲ್ಟ್ ಹೆಚ್ಚೆಂದರೆ 26 ಸಾವಿರ ಆಂಪಿಯರ್ ಆಸುಪಾಸಿನಲ್ಲಿರುತ್ತದೆ. ಕೇಬಲ್ ಉದ್ದವಾದಂತೆ, ಆರ್ಕ್ ನಡುವೆ ಬಂದಂತೆ ಅದು ಬಹಳ ಇಳಿಯುತ್ತದೆ. ದೊಡ್ಡ ಫಾಲ್ಟನ್ನು ಯಾವ ಬ್ರೇಕರ್ ಬೇಕಾದರೂ ಕಾಣುತ್ತದೆ. ಅರ್ಥ್ ಫಾಲ್ಟ್ ರಿಲೇಯ ನಿಜವಾದ ಕೆಲಸವಿರುವುದು ಚಿಕ್ಕ ಫಾಲ್ಟ್‌ನಲ್ಲಿ.

ಮೊದಲು ಎಚ್‌ಟಿ ಕಡೆ ನೋಡಿ. 11 ಕೆವಿ ಬ್ರೇಕರ್‌ನ ರಿಲೇಯಲ್ಲಿ ಅರ್ಥ್ ಫಾಲ್ಟ್ ಅಂಶ ಇದ್ದೇ ಇರುತ್ತದೆ. ಅದು ಎಲ್‌ಟಿ ಫಾಲ್ಟ್‌ಗೂ ಕಾವಲು ಎಂದು ಅನೇಕರು ನಂಬಿದ್ದಾರೆ, ಆದರೆ ಅದು ತಪ್ಪು. ಎಲ್‌ಟಿಯ ಅರ್ಥ್ ಫಾಲ್ಟ್ ಡೆಲ್ಟಾ ಸುರುಳಿಯನ್ನು ದಾಟುವಾಗ ಎಚ್‌ಟಿಯ ಎರಡು ಫೇಸ್‌ಗಳ ನಡುವಿನ ಕರೆಂಟ್ ಆಗಿ ಮಾರ್ಪಡುತ್ತದೆ. ಅಲ್ಲಿ ಭೂಮಿಗೆ ಹೋಗುವ ಭಾಗವೇ ಇರುವುದಿಲ್ಲವಾದ್ದರಿಂದ ಆ ಅರ್ಥ್ ಫಾಲ್ಟ್ ಅಂಶಕ್ಕೆ ಏನೂ ಕಾಣುವುದಿಲ್ಲ. ಎಚ್‌ಟಿಯ ಓವರ್‌ಕರೆಂಟ್ ಅಂಶಕ್ಕಾದರೂ ಕಾಣುತ್ತದೆಯೇ ಎಂದು ಲೆಕ್ಕ ಹಾಕೋಣ. ಟ್ರಾನ್ಸ್‌ಫಾರ್ಮರ್ ಮತ್ತು ಎಸಿಬಿ ನಡುವಿನ ಕೇಬಲ್ ಪೆಟ್ಟಿಗೆಯಲ್ಲಿ 3000 ಆಂಪಿಯರ್‌ನ ಆರ್ಕ್ ಹೊತ್ತಿಕೊಂಡಿದೆ ಎಂದುಕೊಳ್ಳಿ. ಅದನ್ನು ಎಲ್‌ಟಿಯ ಫೇಸ್–ನ್ಯೂಟ್ರಲ್ ವೋಲ್ಟೇಜ್ ಆದ 250ರಿಂದ ಗುಣಿಸಿ 11,000ದಿಂದ ಭಾಗಿಸಿದರೆ ಎಚ್‌ಟಿ ಕಡೆ ಸಿಗುವುದು ಸುಮಾರು 68 ಆಂಪಿಯರ್. ಪೂರ್ಣ ಲೋಡೇ 52 ಇರುವಲ್ಲಿ 68 ಆಂಪಿಯರ್ ಕಂಡು ಐಡಿಎಂಟಿ ರಿಲೇ (ಕರೆಂಟ್ ಕಡಿಮೆಯಿದ್ದಷ್ಟೂ ನಿಧಾನವಾಗಿ ಟ್ರಿಪ್ ಮಾಡುವ ರಿಲೇ) ಎಚ್ಚರಗೊಳ್ಳುವಷ್ಟರಲ್ಲಿ ಕೇಬಲ್ ಪೆಟ್ಟಿಗೆ ಉಳಿದಿರುವುದಿಲ್ಲ. ಆ ಜಾಗವನ್ನು ನಿಮ್ಮ ಎಸಿಬಿಯೂ ಕಾಯಲಾರದು, ಏಕೆಂದರೆ ಫಾಲ್ಟ್ ಅದಕ್ಕಿಂತ ಮೇಲೆ ಇದೆ.

ಸ್ಟ್ಯಾಂಡ್‌ಬೈ ಅರ್ಥ್ ಫಾಲ್ಟ್ ರಿಲೇ ಬೇಕಾಗುವುದು ಇದೇ ಜಾಗಕ್ಕೆ. ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ ಭೂಮಿಗೆ ಸೇರುವ ಕೊಂಡಿಯಲ್ಲಿ ಒಂದು ಸಿಟಿ ಕೂರಿಸಿ, ಅದರ ರಿಲೇ ಎಚ್‌ಟಿ ಬ್ರೇಕರನ್ನು ಟ್ರಿಪ್ ಮಾಡುವಂತೆ ಜೋಡಿಸಬೇಕು. ಫಾಲ್ಟ್ ಎಲ್ಲಿಯೇ ಆಗಲಿ, ಮರಳುವ ಕರೆಂಟ್ ಆ ಕೊಂಡಿಯನ್ನು ಹಾದೇ ಬರುತ್ತದೆ. ನಿಯಮದ ಪ್ರಕಾರ ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಭೂಸಂಪರ್ಕಗಳು ಇರಬೇಕಾದ್ದರಿಂದ, ಎರಡು ಪಟ್ಟಿಗಳು ಕವಲೊಡೆಯುವ ಮೊದಲೇ ಸಿಟಿ ಇರಬೇಕು. ಒಂದು ಪಟ್ಟಿಯ ಮೇಲೆ ಕೂರಿಸಿದರೆ ಕರೆಂಟಿನ ಒಂದು ಪಾಲು ತಪ್ಪಿಸಿಕೊಂಡು ಹೋಗುತ್ತದೆ. ಲೋಡ್ ಹೊರುವ ನ್ಯೂಟ್ರಲ್‌ನ ಮೇಲೆಯೂ ಕೂರಿಸಬಾರದು. ಹಾಗೆ ಮಾಡಿದರೆ ಸಂಜೆಯ ದೀಪಗಳ ಕರೆಂಟ್ ಮತ್ತೆ ಫಾಲ್ಟ್‌ನಂತೆ ಕಾಣುತ್ತದೆ.

ಸ್ಟ್ಯಾಂಡ್‌ಬೈ ರಿಲೇ ಎಲ್ಲರಿಗಿಂತ ಕೊನೆಗೆ ಕೆಲಸ ಮಾಡಬೇಕಾದ್ದರಿಂದ ಅದನ್ನು ನಿಧಾನವಾಗಿಡಬೇಕು. ನಾನು ಇಂಥಲ್ಲಿ 1600/1 ಸಿಟಿಗೆ ಶೇಕಡಾ 30, ಅಂದರೆ 480 ಆಂಪಿಯರ್ ಪಿಕಪ್ (ರಿಲೇ ಎಚ್ಚರಗೊಳ್ಳುವ ಮಟ್ಟ), ಸ್ಟ್ಯಾಂಡರ್ಡ್ ಇನ್‌ವರ್ಸ್ ಕರ್ವ್, ಟಿಎಂಎಸ್ (ಸಮಯವನ್ನು ಗುಣಿಸುವ ಸೆಟ್ಟಿಂಗ್) 0.3 ಎಂಬಲ್ಲಿಂದ ಲೆಕ್ಕ ಆರಂಭಿಸುತ್ತೇನೆ. ಈ ಕರ್ವ್‌ನಲ್ಲಿ ಪಿಕಪ್‌ನ ಹತ್ತು ಪಟ್ಟಿಗೆ ಟಿಎಂಎಸ್ 1 ಇದ್ದಾಗ ಸುಮಾರು 3 ಸೆಕೆಂಡ್ ಆಗುತ್ತದೆ. ಹಾಗಾಗಿ 4800 ಆಂಪಿಯರ್ ಫಾಲ್ಟ್‌ಗೆ 0.9 ಸೆಕೆಂಡ್, 960 ಆಂಪಿಯರ್‌ಗೆ ಸುಮಾರು 3 ಸೆಕೆಂಡ್. ಎಸಿಬಿಯ ಅರ್ಥ್ ಫಾಲ್ಟ್ ಇದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ.

ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ಟ್ರಾನ್ಸ್‌ಫಾರ್ಮರ್‌ನ ಸ್ಟಾರ್ ಸುರುಳಿ ಮತ್ತು ಎಲ್‌ಟಿ ಸಿಟಿಗಳ ನಡುವಿನ ಜಾಗವನ್ನಷ್ಟೇ ಕಾಯುತ್ತದೆ. ಹೊರಗಿನ ಫಾಲ್ಟ್‌ಗೆ ಅಲುಗದಿರುವುದರಿಂದ ವಿಳಂಬವಿಲ್ಲದೆ ಟ್ರಿಪ್ ಮಾಡಬಹುದು. ಆದರೆ ಅದಕ್ಕೆ ಒಂದೇ ಅನುಪಾತದ ಪಿಎಸ್ ದರ್ಜೆಯ (ವಿಶೇಷ ರಕ್ಷಣೆಗೆಂದೇ ಮಾಡಿದ) ಸಿಟಿಗಳು, ಸ್ಥಿರತೆಗೆ ಸರಣಿಯಲ್ಲಿ ರೆಸಿಸ್ಟರ್, ಸಿಟಿಯ ನೀ ಪಾಯಿಂಟ್ ವೋಲ್ಟೇಜ್‌ನ (ಕೋರ್ ಸ್ಯಾಚುರೇಟ್ ಆಗತೊಡಗುವ ಮಟ್ಟ) ಲೆಕ್ಕ ಎಲ್ಲವೂ ಬೇಕು. ನಿಮ್ಮ 1000 ಕೆವಿಎ ಟ್ರಾನ್ಸ್‌ಫಾರ್ಮರ್‌ಗೆ ಸ್ಟ್ಯಾಂಡ್‌ಬೈ ರಿಲೇ ಮೊದಲ ಆದ್ಯತೆಯೆಂದು ನನ್ನ ಅಭಿಪ್ರಾಯ.

ಈಗ ಎಲ್‌ಟಿ ಪ್ಯಾನೆಲ್. ನಿಮ್ಮ ಫೀಡರ್‌ಗಳಲ್ಲಿ ದೊಡ್ಡದು 400 ಆಂಪಿಯರ್‌ನ ಎಂಸಿಸಿಬಿ (ಮೋಲ್ಡೆಡ್ ಕೇಸ್ ಬ್ರೇಕರ್) ಎಂದು ಊಹಿಸುತ್ತೇನೆ. ಅದರ ಕೇಬಲ್‌ನಲ್ಲಿ 1500 ಆಂಪಿಯರ್‌ನ ಅರ್ಥ್ ಫಾಲ್ಟ್ ಆದರೆ ಅದರ ಮ್ಯಾಗ್ನೆಟಿಕ್ ಟ್ರಿಪ್ ಎದ್ದೇಳುವುದು 4000 ಆಂಪಿಯರ್‌ಗೆ. ಥರ್ಮಲ್ ಅಂಶ ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮುಖ್ಯ ಎಸಿಬಿ ತೆರೆದು ಇಡೀ ಕಾರ್ಖಾನೆ ನಿಲ್ಲುತ್ತದೆ. ಮುಖ್ಯದ ಸಮಯವನ್ನು 0.1 ಇಟ್ಟರೂ 0.4 ಇಟ್ಟರೂ ಇದೇ ಗತಿ, ಏಕೆಂದರೆ ಫೀಡರ್‌ನಲ್ಲಿ ಅರ್ಥ್ ಫಾಲ್ಟ್ ಗುರುತಿಸುವ ಸಾಧನವೇ ಇಲ್ಲ. ಆದ್ದರಿಂದ ದೊಡ್ಡ ಫೀಡರ್‌ಗಳಿಗೆ ಕೋರ್ ಬ್ಯಾಲೆನ್ಸ್ ಸಿಟಿ (ಫೀಡರ್‌ನ ಎಲ್ಲ ತಂತಿಗಳೂ ಒಂದೇ ಕಿಟಕಿಯೊಳಗಿಂದ ಹಾಯುವ ಸಿಟಿ) ಮತ್ತು ಇಎಲ್‌ಆರ್ ಹಾಕಿ, ಎಂಸಿಸಿಬಿಯ ಶಂಟ್ ಟ್ರಿಪ್‌ಗೆ (ಹೊರಗಿನ ಸಂಕೇತದಿಂದ ಬ್ರೇಕರ್ ತೆರೆಯುವ ಸುರುಳಿ) ಜೋಡಿಸಿ, 3 ಆಂಪಿಯರ್ ಮತ್ತು 0.1 ಸೆಕೆಂಡ್‌ನಿಂದ ಆರಂಭಿಸಿ. ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್‌ಗಳಿರುವ ಫೀಡರ್‌ನಲ್ಲಿ ಫಿಲ್ಟರ್‌ಗಳ ಸಹಜ ಸೋರಿಕೆಯನ್ನು ಮೊದಲು ಅಳೆದು ಆಮೇಲೆ ಸೆಟ್ಟಿಂಗ್ ನಿರ್ಧರಿಸಿ. ಅದಾದ ಮೇಲೆ ಮುಖ್ಯ ಎಸಿಬಿಯ 320 ಆಂಪಿಯರನ್ನು ಹಾಗೆಯೇ ಉಳಿಸಿ, ಸಮಯವನ್ನು ಮಾತ್ರ 0.4ಕ್ಕೆ ಒಯ್ಯಬಹುದು.

ಕೋರ್ ಬ್ಯಾಲೆನ್ಸ್ ಸಿಟಿ ಕೂರಿಸುವಾಗ ಆಗುವ ಒಂದು ತಪ್ಪನ್ನು ನಾನು ಪದೇ ಪದೇ ನೋಡಿದ್ದೇನೆ. ಮೂರು ಫೇಸ್‌ಗಳ ಜೊತೆಗೆ ಆ ಫೀಡರ್‌ನ ನ್ಯೂಟ್ರಲ್ ಕೂಡ ಕಿಟಕಿಯೊಳಗಿಂದ ಹಾಯಬೇಕು. ಅರ್ಥಿಂಗ್ ತಂತಿ ಹಾಯಬಾರದು. ಗ್ಲ್ಯಾಂಡ್‌ನ (ಕೇಬಲ್ ಪ್ಯಾನೆಲ್ ಸೇರುವಲ್ಲಿನ ಹಿಡಿಕೆ) ಕೆಳಗೆ, ಆರ್ಮರ್ (ಕೇಬಲ್ ಮೇಲಿನ ಲೋಹದ ಹೊದಿಕೆ) ಸಮೇತ ಇಡೀ ಕೇಬಲ್‌ಗೆ ಸಿಟಿ ತೊಡಿಸಿದರೆ ಫಾಲ್ಟ್ ಕರೆಂಟ್ ಆರ್ಮರ್ ಮೂಲಕ ಅದೇ ಕಿಟಕಿಯಲ್ಲಿ ಮರಳಿ ತನ್ನನ್ನೇ ರದ್ದುಗೊಳಿಸಿಕೊಳ್ಳುತ್ತದೆ, ರಿಲೇಗೆ ಏನೂ ಕಾಣದು. ಆಗ ಆರ್ಮರಿನ ಅರ್ಥಿಂಗ್ ತಂತಿಯನ್ನು ಮತ್ತೆ ಕಿಟಕಿಯೊಳಗಿಂದ ಹಿಂದಕ್ಕೆ ತಂದು ಭೂಮಿಗೆ ಸೇರಿಸಬೇಕು. ಗ್ಲ್ಯಾಂಡ್‌ನ ಮೇಲೆ, ಬರೀ ಕೋರ್‌ಗಳಿಗೆ ಸಿಟಿ ತೊಡಿಸಿದರೆ ಈ ತಾಪತ್ರಯವಿಲ್ಲ.

ಉತ್ತರ: ಪಾಲಿಟೆಕ್ನಿಕ್ ಉಪನ್ಯಾಸಕ, ದಾವಣಗೆರೆ

ಒಂದು ವಿಷಯವನ್ನು ಸೇರಿಸಲು ಬಯಸುತ್ತೇನೆ. ಇಲ್ಲಿ ಮಾತನಾಡುತ್ತಿರುವ 320 ಆಂಪಿಯರ್, 3 ಆಂಪಿಯರ್‌ಗಳು ಪ್ಯಾನೆಲ್ ಮತ್ತು ಕೇಬಲ್‌ಗಳ ರಕ್ಷಣೆಗೆ; ಮನುಷ್ಯನ ಜೀವಕ್ಕೆ ಇವು ರಕ್ಷಣೆಯಲ್ಲ. ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್, ಕ್ಯಾಂಟೀನ್‌ನ ಉಪಕರಣ, ಒದ್ದೆ ನೆಲದ ಸಾಕೆಟ್ ಇವುಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸಣ್ಣ ಸೋರಿಕೆಗೂ ಟ್ರಿಪ್ ಆಗುವ ಬ್ರೇಕರ್) ಬೇಕೇ ಬೇಕು.

ಯಂತ್ರದ ದೇಹವನ್ನು ಹತ್ತಿರದ ಅರ್ಥಿಂಗ್ ಗುಂಡಿಗಷ್ಟೇ ಜೋಡಿಸಿ, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ವರೆಗೆ ಲೋಹದ ಅರ್ಥಿಂಗ್ ಪಟ್ಟಿ ಎಳೆಯದಿರುವುದನ್ನು ನಾನು ವಿದ್ಯಾರ್ಥಿಗಳೊಂದಿಗೆ ಭೇಟಿ ಕೊಟ್ಟ ಕೆಲವು ಕಡೆ ಕಂಡಿದ್ದೇನೆ. ಎರಡೂ ಗುಂಡಿಗಳು ತಲಾ 1 ಓಮ್ ಇರುವಷ್ಟು ಚೆನ್ನಾಗಿದ್ದರೂ 250 ವೋಲ್ಟ್‌ಗೆ ಮಣ್ಣಿನ ಮೂಲಕ ಹರಿಯುವುದು 125 ಆಂಪಿಯರ್ ಮಾತ್ರ. ನಿಮ್ಮ ಮುಖ್ಯ ರಿಲೇಗೆ ಅದು ಸಾಲದು, 250 ಆಂಪಿಯರ್ ಎಂಸಿಸಿಬಿಗೂ ಸಾಲದು. ಯಂತ್ರದ ದೇಹ ಮಾತ್ರ ಭೂಮಿಗೆ ಹೋಲಿಸಿದರೆ 125 ವೋಲ್ಟ್‌ನಲ್ಲಿ ನಿಂತಿರುತ್ತದೆ. ಅರ್ಥಿಂಗ್‌ಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3043 ಅನ್ನು ಒಮ್ಮೆ ಓದಿ, ನಿಮ್ಮ ಪ್ರತಿ ಯಂತ್ರದಿಂದ ಟ್ರಾನ್ಸ್‌ಫಾರ್ಮರ್‌ವರೆಗಿನ ಲೋಹದ ದಾರಿ ಅಖಂಡವಾಗಿದೆಯೇ ಎಂದು ಅಳೆದು ನೋಡಬೇಕೆಂದು ಕೋರುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಪೂರ್ತಿ ಬಂದ್ ಮಾಡಿ ನೋಡಿದಾಗ, ನ್ಯೂಟ್ರಲ್ ಸಿಟಿಯ ಪಿ1 ಗುರುತು ಉಳಿದ ಮೂರಕ್ಕೆ ವಿರುದ್ಧ ದಿಕ್ಕಿನಲ್ಲಿತ್ತು. ಅದನ್ನು ತಿರುಗಿಸಿ ಕೂರಿಸಿದ ಮೇಲೆ ಸೋಮವಾರ ಸಂಜೆ ಎಲ್ಲ ದೀಪಗಳೂ ಹೊತ್ತಿರುವಾಗ ಪರದೆಯಲ್ಲಿ ಕಂಡದ್ದು 17 ಆಂಪಿಯರ್. ಮೇಲಧಿಕಾರಿಗಳನ್ನು ಪ್ಯಾನೆಲ್ ಮುಂದೆ ಕರೆತಂದು ಎರಡೂ ದಿನದ ಅಂಕಿಗಳನ್ನು ತೋರಿಸಿದೆ. ಸೆಟ್ಟಿಂಗ್ ಏರಿಸುವ ಮಾತು ಅಲ್ಲಿಗೆ ನಿಂತಿತು.

ಮೇಡಂ, ನಮ್ಮ ದೊಡ್ಡ ಫೀಡರ್ 400 ಆಂಪಿಯರ್ ಎಂಬ ನಿಮ್ಮ ಊಹೆ ಸರಿ. ನಾಲ್ಕು ಫೀಡರ್‌ಗಳಿಗೆ ಇಎಲ್‌ಆರ್ ತರಿಸಲು ಮತ್ತು ಸ್ಟ್ಯಾಂಡ್‌ಬೈ ರಿಲೇಗೆ ಒಪ್ಪಿಗೆ ಕೇಳಿದ್ದೇನೆ.

ಉಳಿದ 17 ಆಂಪಿಯರ್ ಮಾತ್ರ ಹೋಗುತ್ತಿಲ್ಲ. ಫೀಡರ್‌ಗಳನ್ನು ಒಂದೊಂದಾಗಿ ಆಫ್ ಮಾಡಿದರೆ ಅದು ನ್ಯೂಟ್ರಲ್ ಕರೆಂಟಿನ ಜೊತೆಯಲ್ಲೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಯಾವುದೋ ಒಂದು ಫೀಡರ್‌ನಿಂದ ಬಂದಂತೆ ಕಾಣುವುದಿಲ್ಲ.

ಉತ್ತರ: ರಿಲೇ ಪರೀಕ್ಷಣಾ ಇಂಜಿನಿಯರ್, ಬೆಂಗಳೂರು

ಬಹಳ ಸಂತೋಷವಾಯಿತು ಸರ್. ನೀವು ಕೊನೆಯಲ್ಲಿ ಬರೆದ ವಾಕ್ಯದಲ್ಲಿ ಸುಳಿವಿದೆ. ಒಂದು ಫೀಡರ್‌ನ ಕೇಬಲ್ ಸೋರುತ್ತಿದ್ದರೆ ಅದನ್ನು ಆಫ್ ಮಾಡಿದೊಡನೆ 17 ಪೂರ್ತಿ ಮಾಯವಾಗಬೇಕಿತ್ತು. ನ್ಯೂಟ್ರಲ್ ಕರೆಂಟಿನ ಒಂದು ನಿಶ್ಚಿತ ಪಾಲಾಗಿ ಇಳಿಯುತ್ತಿದೆ ಎಂದರೆ, ಪ್ಯಾನೆಲ್‌ನ ನ್ಯೂಟ್ರಲ್ ಬಸ್‌ಬಾರಿಗೆ ಟ್ರಾನ್ಸ್‌ಫಾರ್ಮರ್‌ನ ಭೂಸಂಪರ್ಕವಲ್ಲದೆ ಇನ್ನೊಂದು ಭೂಸಂಪರ್ಕವೂ ಇದೆ. ನಿಮ್ಮ ಇನ್‌ಕಮರ್ ಮೂರು ಪೋಲಿನದು. ಡಿಜಿಯ ಬ್ರೇಕರೂ ಮೂರು ಪೋಲಿನದೇ ಆಗಿದ್ದರೆ, ಡಿಜಿ ನಿಂತಿರುವಾಗಲೂ ಅದರ ನ್ಯೂಟ್ರಲ್ ಪ್ಯಾನೆಲ್‌ಗೆ ಅಂಟಿಕೊಂಡೇ ಇರುತ್ತದೆ ಮತ್ತು ಡಿಜಿಯ ಬಳಿ ಭೂಮಿಗೆ ಸೇರಿರುತ್ತದೆ. ಡಿಜಿಯ ನ್ಯೂಟ್ರಲ್ ಅರ್ಥಿಂಗ್ ಪಟ್ಟಿಗಳಿಗೆ ಕ್ಲ್ಯಾಂಪ್ ಹಾಕಿ ನೋಡಿ. ಅಲ್ಲಿ ಅದೇ 17 ಆಂಪಿಯರ್ ಸಿಗುವುದೆಂದು ನನ್ನ ನಿರೀಕ್ಷೆ.

ಪ್ರಶ್ನೆ ಕೇಳಿದವರು

ಎರಡು ಪಟ್ಟಿಗಳಲ್ಲಿ ಸೇರಿ 17 ಆಂಪಿಯರ್ ಇದೆ ಸರ್, ಡಿಜಿ ನಿಂತಿರುವಾಗಲೇ. ಎರಡೂ ಬ್ರೇಕರ್‌ಗಳು ಮೂರು ಪೋಲಿನವು. ಬರೀ 17 ಆಂಪಿಯರ್ ಆದ್ದರಿಂದ ಹಾಗೆಯೇ ಬಿಡಬಹುದೇ, ಅಥವಾ ಡಿಜಿಯ ನ್ಯೂಟ್ರಲ್ ಅರ್ಥಿಂಗ್ ಬಿಚ್ಚಿಬಿಡುವುದೇ?

ಉತ್ತರ: ರಿಲೇ ಪರೀಕ್ಷಣಾ ಇಂಜಿನಿಯರ್, ಬೆಂಗಳೂರು

ಎರಡೂ ಬೇಡ. ನನಗೆ ಚಿಂತೆಯಿರುವುದು 17 ಆಂಪಿಯರ್ ಬಗ್ಗೆಯಲ್ಲ, ನಿಜವಾದ ಫಾಲ್ಟ್ ಬಂದ ದಿನದ ಬಗ್ಗೆ. ಒಂದು ಮೋಟಾರಿನಲ್ಲಿ ಅರ್ಥ್ ಫಾಲ್ಟ್ ಆಯಿತೆಂದುಕೊಳ್ಳಿ. ಆ ಕರೆಂಟ್ ಅರ್ಥಿಂಗ್ ಪಟ್ಟಿಗಳಲ್ಲಿ ಮರಳುವಾಗ ಅದರ ಒಂದು ಪಾಲು ಡಿಜಿಯ ಭೂಸಂಪರ್ಕದ ಮೂಲಕ ಡಿಜಿ ನ್ಯೂಟ್ರಲ್‌ಗೆ ಹತ್ತಿ, ಅಲ್ಲಿಂದ ಪ್ಯಾನೆಲ್‌ನ ನ್ಯೂಟ್ರಲ್ ಬಸ್‌ಬಾರಿಗೆ ಬಂದು, ನಿಮ್ಮ ನ್ಯೂಟ್ರಲ್ ಸಿಟಿಯನ್ನು ಹಾದು ಟ್ರಾನ್ಸ್‌ಫಾರ್ಮರ್ ಸೇರುತ್ತದೆ. ರಿಲೇಗೆ ಅದು ಸಹಜವಾಗಿ ಮರಳಿದ ಲೋಡ್ ಕರೆಂಟ್‌ನಂತೆ ಕಾಣುವುದರಿಂದ ಅಷ್ಟನ್ನು ಕಳೆದುಬಿಡುತ್ತದೆ. ನ್ಯೂಟ್ರಲ್ ದಪ್ಪನೆಯ ಲೋಹದ ದಾರಿಯಾದ್ದರಿಂದ ಆ ಪಾಲು ದೊಡ್ಡದೇ ಇರಬಹುದು. 600 ಆಂಪಿಯರ್ ಫಾಲ್ಟ್‌ನಲ್ಲಿ ಅರ್ಧ ಆ ದಾರಿ ಹಿಡಿದರೆ ರಿಲೇಗೆ ಕಾಣುವುದು 300. 320ರ ಸೆಟ್ಟಿಂಗ್ ಅಲುಗುವುದಿಲ್ಲ. ಸ್ಟ್ಯಾಂಡ್‌ಬೈ ರಿಲೇಯ ಸಿಟಿಯೂ ಇದೇ ಕಾರಣಕ್ಕೆ ಕಡಿಮೆ ಕಾಣುತ್ತದೆ.

ಡಿಜಿಯ ನ್ಯೂಟ್ರಲ್ ಅರ್ಥಿಂಗ್ ಬಿಚ್ಚಿದರೆ 17 ಆಂಪಿಯರ್ ಹೋಗುತ್ತದೆ, ಆದರೆ ಟ್ರಾನ್ಸ್‌ಫಾರ್ಮರ್‌ನ ದುರಸ್ತಿಗೆ ನ್ಯೂಟ್ರಲ್ ಕೊಂಡಿ ಬಿಚ್ಚಿದ ದಿನ ಡಿಜಿ ಭೂಸಂಪರ್ಕವೇ ಇಲ್ಲದೆ ಓಡುತ್ತದೆ. ಆಗ ಅರ್ಥ್ ಫಾಲ್ಟ್ ಆದರೂ ಯಾವ ರಿಲೇಗೂ ಕಾಣುವುದಿಲ್ಲ. ನಿಯಮವೂ ಅದಕ್ಕೆ ಅವಕಾಶ ಕೊಡುವುದಿಲ್ಲ.

ಸರಿಯಾದ ದಾರಿ ಎಂದರೆ ಎರಡೂ ಇನ್‌ಕಮರ್‌ಗಳನ್ನು ನಾಲ್ಕು ಪೋಲಿನವುಗಳಾಗಿ ಬದಲಾಯಿಸುವುದು. ಆಗ ಒಂದು ಮೂಲ ಚಾಲ್ತಿಯಲ್ಲಿರುವಾಗ ಇನ್ನೊಂದರ ನ್ಯೂಟ್ರಲ್ ಪೂರ್ತಿ ಬೇರ್ಪಟ್ಟಿರುತ್ತದೆ, ಪ್ರತಿಯೊಂದು ಮೂಲವೂ ತನ್ನ ಬಳಿಯೇ ಭೂಮಿಗೆ ಸೇರಿರುತ್ತದೆ. ಡಿಜಿಯದನ್ನು ಮಾತ್ರ ಬದಲಿಸಿದರೆ ಅರ್ಧ ಕೆಲಸವಾದಂತೆ. ಡಿಜಿ ಓಡುವಾಗ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ ಅಂಟಿಕೊಂಡೇ ಇರುತ್ತದೆ. ಆದರೂ ಹಣ ಒಂದೇ ಸಲಕ್ಕೆ ಒದಗದಿದ್ದರೆ ಮೊದಲು ಡಿಜಿಯದನ್ನೇ ಬದಲಿಸಿ, ಏಕೆಂದರೆ ನೀವು ಹೆಚ್ಚು ಹೊತ್ತು ಓಡುವುದು ಗ್ರಿಡ್ ಪೂರೈಕೆಯ ಮೇಲೆ. ನಾಲ್ಕು ಪೋಲಿನ ಬ್ರೇಕರ್‌ನಲ್ಲಿ ನ್ಯೂಟ್ರಲ್ ಪೋಲ್ ಫೇಸ್‌ಗಳಿಗಿಂತ ಮೊದಲು ತೆರೆದುಕೊಳ್ಳಬಾರದು. ಫೇಸ್‌ಗಳು ಉಳಿದು ನ್ಯೂಟ್ರಲ್ ಮಾತ್ರ ಕಡಿದರೆ 250 ವೋಲ್ಟ್‌ನ ಉಪಕರಣಗಳ ಮೇಲೆ 433ರ ಹತ್ತಿರದವರೆಗೂ ವೋಲ್ಟೇಜ್ ಏರಬಹುದು.

ಬ್ರೇಕರ್ ಬದಲಿಸಿದ ದಿನ ಪ್ರೈಮರಿ ಇಂಜೆಕ್ಷನ್ ಪರೀಕ್ಷೆಯನ್ನು (ಸಿಟಿಗಳ ಮೂಲಕ ನಿಜವಾದ ಕರೆಂಟ್ ಹರಿಸಿ ನೋಡುವುದು) ತಪ್ಪದೆ ಮಾಡಿಸಿ. ತಯಾರಕರ ಪುಟ್ಟ ಪರೀಕ್ಷಾ ಪೆಟ್ಟಿಗೆ ರಿಲೀಸ್‌ಗೆ ನೇರವಾಗಿ ಸಂಕೇತ ಕೊಟ್ಟು ಟ್ರಿಪ್ ಮಾಡಿಸುತ್ತದೆ. ಸಿಟಿ ತಿರುಗಿ ಕೂತಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ನಿಮ್ಮ ವಾರ್ಷಿಕ ನಿರ್ವಹಣೆಯ ವರದಿಯಲ್ಲಿ ಅರ್ಥ್ ಫಾಲ್ಟ್ ಸರಿಯಿದೆ ಎಂದು ಬರೆದಿದ್ದರೆ ಬಹುಶಃ ಆ ಪರೀಕ್ಷೆಯ ಮೇಲೆಯೇ ಬರೆದಿರುತ್ತಾರೆ. ಪ್ರೈಮರಿ ಇಂಜೆಕ್ಷನ್‌ನಲ್ಲಿ ಒಂದು ಫೇಸ್ ಪೋಲ್ ಮೂಲಕ 400 ಆಂಪಿಯರ್ ಕಳುಹಿಸಿ, ಅದು ನ್ಯೂಟ್ರಲ್ ಸಿಟಿಯ ಮೂಲಕ ಮರಳುವಂತೆ ಜೋಡಿಸಬೇಕು. ರಿಲೇ ಸೊನ್ನೆಯ ಹತ್ತಿರ ತೋರಿಸಿ ಟ್ರಿಪ್ ಆಗದೆ ಉಳಿಯಬೇಕು. ಅನಂತರ ಅದೇ 400 ಆಂಪಿಯರನ್ನು ನ್ಯೂಟ್ರಲ್ ಬಿಟ್ಟು ಒಂದು ಫೇಸ್ ಮೂಲಕವಷ್ಟೇ ಹರಿಸಿದಾಗ, ಇಟ್ಟ ಸಮಯಕ್ಕೆ ಟ್ರಿಪ್ ಆಗಬೇಕು. ಮೂರೂ ಫೇಸ್‌ಗಳಿಗೆ ಇದನ್ನು ಬೇರೆ ಬೇರೆಯಾಗಿ ಮಾಡಿಸಿ, ತೋರಿಸಿದ ಆಂಪಿಯರ್ ಮತ್ತು ತೆಗೆದುಕೊಂಡ ಸಮಯವನ್ನು ವರದಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆ ಮುಗಿದು ಲೋಡ್ ಕೊಟ್ಟ ಮೇಲೆ ಅದೇ ಸಂಜೆ, ನೀವು ಈ ಸಲ ತೆಗೆದ ಮೂರು ಅಳತೆಗಳನ್ನು ಮತ್ತೆ ತೆಗೆದು ವರದಿಯ ಜೊತೆಗೇ ಇಡಿ. ಭೂಮಿಯ ಪಟ್ಟಿಗಳ ಮೊತ್ತವೂ ಪರದೆಯ ಅಂಕಿಯೂ ಆಗ ಎರಡು ಮೂರು ಆಂಪಿಯರ್‌ಗಿಂತ ಹೆಚ್ಚಿದ್ದರೆ ಇಲ್ಲಿ ಬರೆಯಿರಿ, ಮುಂದೆ ಎಲ್ಲಿ ನೋಡಬೇಕೆಂದು ಹೇಳುತ್ತೇನೆ.